ಬೆಂಕಿ ಮಾತಿನಿಂದ ಯಾರಿಗೆ ಲಾಭ?

ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಎರಡು ನಿಮಿಷದ ವಿಡಿಯೊ. ಒಂದು ವೇದಿಕೆ, ಮೈಕಿನ ಮುಂದೆ ಒಬ್ಬ ನಾಯಕ, ಕೆಳಗೆ ಕೂಗಿ ಕುಣಿಯುವ ಹುಡುಗರು. ಕಳಿಸಿದವರು ಕೆಳಗೆ ಒಂದು ಸಾಲು ಬರೆದಿರ್ತಾರೆ: "ಮಾತಾಡಿದ್ರೆ ಹೀಗೆ ಮಾತಾಡಬೇಕು!" ಆ ನಾಯಕ ಯಾವ ಪಕ್ಷದವನು, ಯಾವ ಧರ್ಮದವನು ಅನ್ನೋದು ನೀವು ಯಾವ ಗ್ರೂಪಿನಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ, ಅಷ್ಟೇ.

ಅದು ಎದುರು ಕಡೆಯವರ ಭಾಷಣವಾದರೆ ನಮ್ಮ ಮೈ ಉರಿಯುತ್ತದೆ. ನಮ್ಮ ಕಡೆಯವರದ್ದಾದರೆ? ನಿಜ ಹೇಳಿ, ಒಳಗೆಲ್ಲೋ ಸ್ವಲ್ಪ ಹಿತವಾಗುತ್ತದೆ. ದಿನಾ ಬೈಸಿಕೊಂಡು ಸುಸ್ತಾದ ಮನಸ್ಸು, "ಅಂತೂ ಒಬ್ಬನಾದರೂ ತಿರುಗಿ ಹೇಳಿದನಲ್ಲ" ಅಂದುಕೊಳ್ಳುತ್ತದೆ. ಇದು ಅರ್ಥವಾಗದ ಭಾವನೆಯೇನಲ್ಲ. ನನಗೂ ಆಗಿದೆ.

ಆದರೆ ಆ ಹಿತ ಇಳಿದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಒಂದು, ಇಂಥ ಮಾತಿನಿಂದ ರಾಜಕೀಯದಲ್ಲಿ ಕೆಲಸ ಆಗುತ್ತದೆಯೇ? ಎರಡು, ಅದು ನ್ಯಾಯವೇ? ನಮ್ಮ ಅಭ್ಯಾಸ ಹೇಗಿದೆ ಅಂದ್ರೆ, ಎರಡನೆಯ ಪ್ರಶ್ನೆಯನ್ನು ನಾವು ಬೇರೆಯವರಿಗೆ ಮಾತ್ರ ಕೇಳುತ್ತೇವೆ. ಮೊದಲನೆಯದನ್ನು ಯಾರಿಗೂ ಕೇಳೋದಿಲ್ಲ. ಈ ಲೇಖನದಲ್ಲಿ ಎರಡನ್ನೂ ಎಲ್ಲರಿಗೂ ಕೇಳೋಣ, ನಮ್ಮವರನ್ನೂ ಸೇರಿಸಿ.

ಯಾವುದು ಬೆಂಕಿ ಮಾತು, ಯಾವುದು ಅಲ್ಲ

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕಟುವಾದ ಮಾತೆಲ್ಲ ಬೆಂಕಿ ಮಾತಲ್ಲ. "ಈ ಕಾನೂನು ಅನ್ಯಾಯ", "ಈ ಸಚಿವರು ಸುಳ್ಳು ಹೇಳ್ತಿದ್ದಾರೆ", "ಪೊಲೀಸರು ಒಂದು ಕಡೆ ವಾಲಿದ್ದಾರೆ" ಎಂದು ಗಂಟಲು ಹರಿದು ಕೂಗಿದರೂ ಅದು ಟೀಕೆ. ಪ್ರಜಾಪ್ರಭುತ್ವದಲ್ಲಿ ಅದು ಬೇಕೇ ಬೇಕು.

ಮಂಗಳೂರಿನಲ್ಲಿ ಹುಟ್ಟಿ ಮುಂಬೈಗೆ ಬಂದ ಜಾರ್ಜ್ ಫೆರ್ನಾಂಡಿಸ್ ಅವರನ್ನೇ ನೋಡಿ. ಟ್ಯಾಕ್ಸಿಯವರನ್ನು, ನಗರಪಾಲಿಕೆ ಕಾರ್ಮಿಕರನ್ನು ಸಂಘಟಿಸಿ, ಮುಂಬೈಯನ್ನೇ ಬಂದ್ ಮಾಡಿಸುತ್ತಿದ್ದ ಮನುಷ್ಯ. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಿಂದ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು. ಅವರ ಭಾಷಣ ಮೃದುವಾಗಿತ್ತು ಅಂತ ಯಾರೂ ಹೇಳಲಾರರು. ಆದರೆ ಆ ಕಾಲದ ಅವರ ಸಿಟ್ಟು ಮಾಲೀಕರ ಮೇಲಿತ್ತು, ಸರ್ಕಾರದ ಮೇಲಿತ್ತು. ಪಕ್ಕದ ಚಾಳಿನ ಗುಜರಾತಿಯ ಮೇಲೋ ತಮಿಳನ ಮೇಲೋ ಇರಲಿಲ್ಲ. ಮುಂದೆ ಅವರ ರಾಜಕೀಯ ಎಲ್ಲಿಗೆ ಹೋಗಿ ಮುಟ್ಟಿತು ಅನ್ನೋದು ಬೇರೆ ಮಾತು.

ಇನ್ನೊಂದು ಉದಾಹರಣೆ ಮೌಲಾನಾ ಅಬುಲ್ ಕಲಾಂ ಆಜಾದ್. 1947ರ ಅಕ್ಟೋಬರಿನಲ್ಲಿ, ದೇಶ ಒಡೆದು ದೆಹಲಿ ಹೊತ್ತಿ ಉರಿದ ದಿನಗಳಲ್ಲಿ, ಜಾಮಾ ಮಸೀದಿಯಲ್ಲಿ ಅವರು ಮಾತಾಡಿದರು. ಅದರಲ್ಲಿ ಬಹಳ ಕಠಿಣವಾದ ಮಾತುಗಳಿದ್ದವು. ಆದರೆ ಆ ಕಠಿಣ ಮಾತು ಎದುರು ಕೂತ ತಮ್ಮವರಿಗೇ ಹೇಳಿದ್ದು. ಗಂಟು ಮೂಟೆ ಕಟ್ಟಿ ಹೊರಟವರನ್ನು ಅವರು ನಿಲ್ಲಿಸಿ, ಇದು ನಿಮ್ಮ ನೆಲ, ಹೆದರಿ ಓಡಬೇಡಿ ಎಂಬ ಅರ್ಥದಲ್ಲಿ ಗದರಿದರು. ಕೇಳಿದವರು ಅತ್ತರು. ಯಾರ ಮನೆಗೂ ಕಲ್ಲು ಬೀಳಲಿಲ್ಲ.

ಹಾಗಾದರೆ ಬೆಂಕಿ ಮಾತನ್ನು ಗುರುತಿಸೋದು ಹೇಗೆ? ನಾನು ನೋಡುವುದು ಮೂರನ್ನು. ಅದು ಒಂದು ಕೃತ್ಯವನ್ನು ದೂರುತ್ತಿದೆಯೇ, ಅಥವಾ ಹುಟ್ಟಿನಿಂದ ಗುರುತಿಸಲಾಗುವ ಇಡೀ ಒಂದು ಜನರನ್ನೇ? ಅದರಲ್ಲಿ ಬೆದರಿಕೆ ಇದೆಯೇ, "ಅವರು ನಮ್ಮನ್ನು ಮುಗಿಸುತ್ತಾರೆ" ಅಥವಾ "ನಾವು ಅವರನ್ನು ಮುಗಿಸುತ್ತೇವೆ" ಎಂಬ ಧಾಟಿಯಲ್ಲಿ? ಮತ್ತೆ, ಭಾಷಣ ಕೇಳಿ ಮನೆಗೆ ಹೋದವನಿಗೆ ನಾಳೆ ಮಾಡಲು ಏನಾದರೂ ಕೆಲಸ ಕೊಡುತ್ತದೆಯೇ? ಒಂದು ಅರ್ಜಿ, ಒಂದು ಮುಷ್ಕರ, ಒಂದು ಬೇಡಿಕೆ? ಏನೂ ಇಲ್ಲದೆ ಬರೀ ಪಕ್ಕದವನನ್ನು ದ್ವೇಷಿಸುವ ಕೆಲಸವನ್ನಷ್ಟೇ ಕೊಡುವುದಾದರೆ, ಅದು ಬೆಂಕಿ ಮಾತು.

ಮುಂಬೈ ಕನ್ನಡಿಗರಿಗೆ ಗೊತ್ತಿರುವ ಕಥೆ

ಇದರ ಲಾಭ ನಷ್ಟದ ಲೆಕ್ಕ ನೋಡೋದಕ್ಕೆ ನಾವು ದೂರ ಹೋಗಬೇಕಿಲ್ಲ. ಮುಂಬೈನಲ್ಲಿರುವ ಕನ್ನಡಿಗರ ಹಿಂದಿನ ತಲೆಮಾರು ಇದನ್ನು ಕಣ್ಣಾರೆ ಕಂಡಿದೆ.

ಬಾಳ್ ಠಾಕ್ರೆ 1960ರಲ್ಲಿ 'ಮಾರ್ಮಿಕ್' ಎಂಬ ವಾರಪತ್ರಿಕೆ ಶುರು ಮಾಡಿದರು. ಅದರಲ್ಲಿ ಮುಂಬೈನ ಕಂಪನಿಗಳಲ್ಲಿದ್ದ ದಕ್ಷಿಣ ಭಾರತೀಯ ಅಧಿಕಾರಿಗಳ ಹೆಸರಿನ ಪಟ್ಟಿಗಳು ಬರತೊಡಗಿದವು. ಓದಿ, ಓದಿ ಸುಮ್ಮನೆ ಕೂರಿ ಎಂಬ ಚುಚ್ಚುಮಾತು ಆ ಪಟ್ಟಿಗಳ ಮೇಲಿರುತ್ತಿತ್ತು. ಆಮೇಲೆ ಅದು, ಓದಿ, ಎದ್ದೇಳಿ ಅಂತ ಬದಲಾಯಿತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಅದೇ ವರ್ಷ ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ಮೊದಲ ದೊಡ್ಡ ಸಭೆ. ಸಭೆ ಮುಗಿಸಿ ಹೊರಟ ಗುಂಪುಗಳು ದಾರಿಯಲ್ಲಿದ್ದ ದಕ್ಷಿಣದವರ ಕೆಲವು ಹೋಟೆಲುಗಳ ಮೇಲೆ ಕೈಮಾಡಿದವು. "ಹಟಾವ್ ಲುಂಗಿ, ಬಜಾವ್ ಪುಂಗಿ" ಎಂಬ ಘೋಷಣೆ ಊರೆಲ್ಲ ಹರಡಿತು. ನಮ್ಮ ಮಾತಿಗೆ "ಯಂಡುಗುಂಡು" ಎಂಬ ಹೆಸರು ಬಿತ್ತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ವಿವಾದದ ಹೆಸರಿನಲ್ಲಿ ನಡೆದ ಗಲಭೆ ಮುಂಬೈಯನ್ನು ಹಲವು ದಿನ ನಿಲ್ಲಿಸಿಬಿಟ್ಟಿತು. ಪ್ರಾಣಗಳೂ ಹೋದವು.

ಈಗ ಕೇಳಿ: ಇದರಿಂದ ಕೆಲಸ ಆಯಿತೇ?

ಒಂದು ಅರ್ಥದಲ್ಲಿ, ಆಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ. ಎರಡೇ ವರ್ಷದ ಪಕ್ಷ 1968ರ ಮುಂಬೈ ಪಾಲಿಕೆ ಚುನಾವಣೆಯಲ್ಲಿ 140ರಲ್ಲಿ 42 ಸೀಟು ಗೆದ್ದಿತು. ಹೊಸ ಪಕ್ಷಕ್ಕೆ ಇಷ್ಟು ಬೇಗ ಜನ ಸೇರಿಸಿಕೊಡುವ ಇನ್ನೊಂದು ಸಾಧನ ಇಲ್ಲ. ಬೆಂಕಿ ಮಾತಿಗೆ ಖರ್ಚಿಲ್ಲ, ಅಧ್ಯಯನ ಬೇಕಿಲ್ಲ, ಉತ್ತರ ಕೊಡುವ ಹೊಣೆಯೂ ಇಲ್ಲ. ಅದು ಒಂದೇ ರಾತ್ರಿಯಲ್ಲಿ ನಾಯಕನನ್ನು ಹುಟ್ಟಿಸುತ್ತದೆ.

ಆದರೆ ಆ ಸಭೆಗೆ ಹೋದ ಮರಾಠಿ ಹುಡುಗನಿಗೆ ಕೊಟ್ಟ ಮಾತು ಏನಿತ್ತು? ಹೊರಗಿನವರು ಹೋದರೆ ನಿನಗೆ ಕೆಲಸ ಸಿಗುತ್ತದೆ ಅಂತ. ಮರಾಠಿ ಕಾರ್ಮಿಕರ ಬದುಕು ನಿಂತದ್ದು ಗಿರಣ್‌ಗಾಂವ್‌ನ ಬಟ್ಟೆ ಮಿಲ್ಲುಗಳ ಮೇಲೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಮುಷ್ಕರ ಹೂಡಿದರು. ಅದು ವರ್ಷ ದಾಟಿ ನಡೆಯಿತು, ಮುರಿಯಿತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲ್‌ನ ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಇವತ್ತು ಮಾಲ್ ಇದೆ. ಆ ಹುಡುಗನ ಕೆಲಸ ಕಿತ್ತುಕೊಂಡದ್ದು ಮಾಟುಂಗದ ಇಡ್ಲಿ ಹೋಟೆಲಲ್ಲ, ಕಂಪನಿಯ ದಕ್ಷಿಣದ ಸ್ಟೆನೋಗ್ರಾಫರನೂ ಅಲ್ಲ. ಹಳೆಯ ಯಂತ್ರ, ಭೂಮಿಯ ಬೆಲೆ, ಮಾಲೀಕರ ಲೆಕ್ಕಾಚಾರ, ಸರ್ಕಾರದ ನೀತಿ ಇವೆಲ್ಲ ಸೇರಿ ಕಿತ್ತುಕೊಂಡವು. ಇಪ್ಪತ್ತು ವರ್ಷ ಅವನಿಗೆ ತಪ್ಪು ವೈರಿಯನ್ನು ತೋರಿಸಲಾಗಿತ್ತು. ನಿಜವಾದ ಹೊಡೆತ ಬಿದ್ದಾಗ ಅವನ ಕೈಯಲ್ಲಿ ಘೋಷಣೆ ಮಾತ್ರ ಉಳಿದಿತ್ತು.

ಉಡುಪಿ ಹೋಟೆಲುಗಳು ಇವತ್ತೂ ಇವೆ. ಮಿಲ್ಲುಗಳಿಲ್ಲ.

ಹಾಗಾಗಿ ಬೆಂಕಿ ಮಾತಿನ ಪರಿಣಾಮವನ್ನು ಅಳೆಯುವಾಗ, ಯಾರಿಗೆ ಲಾಭ ಎಂದು ಸೇರಿಸಿ ಕೇಳಬೇಕು. ಮಾತಾಡಿದವರಿಗೆ ಲಾಭವಾಯಿತು. ಯಾರ ಹೆಸರಿನಲ್ಲಿ ಮಾತಾಡಿದರೋ ಅವರಿಗೆ ಆಗಲಿಲ್ಲ.

ಪಟ್ಟಿಯ ಹೆಸರುಗಳು ಬದಲಾದವು

ಇಂಥ ರಾಜಕೀಯಕ್ಕೆ ಇನ್ನೊಂದು ಗುಣವಿದೆ. ಅದಕ್ಕೆ ಯಾವಾಗಲೂ ಒಬ್ಬ ವೈರಿ ಬೇಕು. ಹಳಬ ಸವೆದರೆ ಹೊಸಬ ಬೇಕು. ಮೊದಲು ಮದ್ರಾಸಿ ಎನಿಸಿಕೊಂಡ ನಾವೆಲ್ಲ, ಜೊತೆಗೆ ಕಮ್ಯುನಿಸ್ಟರು. 1980ರ ದಶಕದಲ್ಲಿ ಮುಖ್ಯವಾಗಿ ಮುಸ್ಲಿಮರು. 2008ರಲ್ಲಿ ಅದೇ ಗರಡಿಯಿಂದ ಹೊರಬಂದ ಇನ್ನೊಂದು ಪಕ್ಷಕ್ಕೆ ಉತ್ತರ ಭಾರತದವರು. ರೈಲ್ವೆ ಪರೀಕ್ಷೆ ಬರೆಯಲು ಬಂದ ಹುಡುಗರಿಗೆ ಆ ವರ್ಷ ಹೊಡೆತ ಬಿತ್ತು. ಮುಂಬೈನ ಕನ್ನಡ ಮುಸ್ಲಿಮರ ಸ್ಥಿತಿ ನೋಡಿ: ಲುಂಗಿಯ ಕಾರಣಕ್ಕೆ ಮೊದಲ ಪಟ್ಟಿಯಲ್ಲಿದ್ದೆವು, ಟೋಪಿಯ ಕಾರಣಕ್ಕೆ ಎರಡನೆಯದರಲ್ಲೂ ಬಂದೆವು. ಮೊದಲ ಪಟ್ಟಿಯಲ್ಲಿ ಜೊತೆಗಿದ್ದ ನಮ್ಮೂರಿನ ಹೋಟೆಲಿನವರಲ್ಲಿ ಕೆಲವರು, ಎರಡನೆಯ ಪಟ್ಟಿ ಓದುವಾಗ ತಲೆಯಾಡಿಸಿದರು. ಅದೂ ನಿಜ.

1984ರ ಮೇ ತಿಂಗಳ ಭಿವಂಡಿ ಗಲಭೆಗೆ ಮುಂಚೆ ನಡೆದದ್ದನ್ನು ನೆನಪಿಸಿಕೊಳ್ಳಿ. ಠಾಕ್ರೆ ಭಾಷಣದಲ್ಲಿ ಪ್ರವಾದಿ(ಸ)ಯವರ ಬಗ್ಗೆ ಅವಹೇಳನವಿತ್ತು ಎಂಬ ವರದಿ ಹರಡಿತು. ಅದಕ್ಕೆ ಉತ್ತರವಾಗಿ ಪ್ರತಿಭಟನೆಯಲ್ಲಿ ಠಾಕ್ರೆ ಚಿತ್ರಕ್ಕೆ ಚಪ್ಪಲಿ ಹಾರ ಬಿತ್ತು. ಅದಕ್ಕೆ ಉತ್ತರವಾಗಿ ಇನ್ನೊಂದು. ಕೊನೆಗೆ ಭಿವಂಡಿಯಲ್ಲೂ ಮುಂಬೈನಲ್ಲೂ ನೂರಾರು ಜನ ಸತ್ತರು. ಭಾಷಣ ಮಾಡಿದವರೂ ಸಾಯಲಿಲ್ಲ, ಹಾರ ಹಾಕಿದವರೂ ಸಾಯಲಿಲ್ಲ.

1992ರ ಡಿಸೆಂಬರ್ ಮತ್ತು 1993ರ ಜನವರಿಯ ಬಗ್ಗೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗ 1998ರಲ್ಲಿ ವರದಿ ಕೊಟ್ಟಿತು. ಸತ್ತವರು 900 ಜನ. ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು, ಉಳಿದವರು ಇತರರು ಮತ್ತು ಗುರುತು ಸಿಗದವರು. ಬಾಬ್ರಿ ಮಸೀದಿ ಬಿದ್ದ ಸಿಟ್ಟಿಗೆ ಮುಸ್ಲಿಂ ಗುಂಪುಗಳು ಬೀದಿಗಿಳಿದದ್ದನ್ನು, ಜೋಗೇಶ್ವರಿಯ ರಾಧಾಬಾಯಿ ಚಾಳದಲ್ಲಿ ಹಿಂದೂ ಕುಟುಂಬದವರನ್ನು ಮನೆಯೊಳಗೆ ಸುಟ್ಟ ಘಟನೆಯನ್ನು ಆಯೋಗ ಮುಚ್ಚಿಡಲಿಲ್ಲ. ಹಾಗೆಯೇ, ಜನವರಿಯಲ್ಲಿ ಠಾಕ್ರೆ ಒಬ್ಬ ಸೇನಾಪತಿಯ ಹಾಗೆ ತಮ್ಮವರನ್ನು ಮುಸ್ಲಿಮರ ಮೇಲೆ ನಡೆಸಿದರು ಎಂಬ ಅರ್ಥದ ಮಾತನ್ನೂ ಅದು ಬರೆಯಿತು. 'ಸಾಮ್ನಾ' ಪತ್ರಿಕೆಯ ಬರಹಗಳು ಬೆಂಕಿಗೆ ತುಪ್ಪ ಹೊಯ್ದದ್ದನ್ನೂ ಗುರುತಿಸಿತು.

ಎರಡೇ ವರ್ಷದಲ್ಲಿ, 1995ರಲ್ಲಿ, ಶಿವಸೇನೆ-ಬಿಜೆಪಿ ಕೂಟ ಮಹಾರಾಷ್ಟ್ರದಲ್ಲಿ ಅಧಿಕಾರ ಹಿಡಿಯಿತು. ಸೇನೆಗೆ 73 ಸೀಟು, ಬಿಜೆಪಿಗೆ 65.

ಕಾನೂನು ಎಲ್ಲಿತ್ತು?

ಕಾನೂನು ಇರಲಿಲ್ಲ ಅಂತಲ್ಲ. ಸಮುದಾಯಗಳ ನಡುವೆ ದ್ವೇಷ ಬಿತ್ತುವುದು ಭಾರತೀಯ ದಂಡ ಸಂಹಿತೆಯ 153ಎ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು. ಧರ್ಮದ ಹೆಸರಲ್ಲಿ ವೋಟು ಕೇಳುವುದು, ಚುನಾವಣೆಗಾಗಿ ಸಮುದಾಯಗಳ ನಡುವೆ ದ್ವೇಷ ಹಚ್ಚುವುದು ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಭ್ರಷ್ಟಾಚಾರ. ಆದರೆ ಕಾನೂನಿನ ನಡಿಗೆ ನೋಡಿ.

1987ರ ಡಿಸೆಂಬರಿನಲ್ಲಿ ವಿಲೇಪಾರ್ಲೆ ವಿಧಾನಸಭಾ ಉಪಚುನಾವಣೆ. ಶಿವಸೇನೆ ಬೆಂಬಲದ ಡಾ. ರಮೇಶ್ ಪ್ರಭು ಗೆದ್ದರು. ಅವರ ಪರವಾಗಿ ಠಾಕ್ರೆ ಮಾಡಿದ ಭಾಷಣಗಳು ಧರ್ಮದ ಹೆಸರಲ್ಲಿ ಮತ ಕೇಳಿದವು, ದ್ವೇಷ ಹುಟ್ಟಿಸಿದವು ಎಂದು ಸೋತವರು ಕೋರ್ಟಿಗೆ ಹೋದರು. 1989ರಲ್ಲಿ ಬಾಂಬೆ ಹೈಕೋರ್ಟ್ ಆ ಗೆಲುವನ್ನು ರದ್ದು ಮಾಡಿತು. 1995ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಆ ವಿಧಾನಸಭೆಯ ಅವಧಿಯೇ ಮುಗಿದು ಹೋಗಿತ್ತು. ಠಾಕ್ರೆಯವರ ಮತದಾನದ ಹಕ್ಕನ್ನು ಆರು ವರ್ಷ ಕಿತ್ತುಕೊಂಡದ್ದು 1999ರಲ್ಲಿ, ಭಾಷಣ ಮಾಡಿ ಹನ್ನೆರಡು ವರ್ಷವಾಗುತ್ತಾ ಬಂದ ಮೇಲೆ. ಆ ಹೊತ್ತಿಗೆ ಅವರ ಪಕ್ಷ ಸರ್ಕಾರವನ್ನೇ ನಡೆಸುತ್ತಿತ್ತು. 'ಸಾಮ್ನಾ' ಬರಹಗಳ ವಿಚಾರದಲ್ಲಿ 2000ನೇ ಇಸವಿಯಲ್ಲಿ ಠಾಕ್ರೆ ಬಂಧನವಾದಾಗ, ಕಾಲಮಿತಿ ಮೀರಿದೆ ಎಂದು ಮ್ಯಾಜಿಸ್ಟ್ರೇಟ್ ಅದೇ ದಿನ ಕೇಸು ಮುಗಿಸಿದರು.

2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ, ಉತ್ತರ ಪ್ರದೇಶ, ಉತ್ತರಾಖಂಡದ ಪೊಲೀಸರಿಗೆ, ದ್ವೇಷ ಭಾಷಣ ಕಂಡರೆ ದೂರಿಗೆ ಕಾಯದೆ ತಾವೇ ಪ್ರಕರಣ ದಾಖಲಿಸಬೇಕು ಎಂದಿತು. 2023ರ ಏಪ್ರಿಲಿನಲ್ಲಿ ಇದನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಒಳ್ಳೆಯ ಆದೇಶ. ಆದರೆ ಇದೇ ಕಲಮುಗಳು ತಿರುಗಿ ನಮ್ಮ ಮೇಲೂ ಬರಬಹುದು. ರಾಜ್ಯಸಭಾ ಸದಸ್ಯ, ಕವಿ ಇಮ್ರಾನ್ ಪ್ರತಾಪ್‌ಗಢಿ ಮೇಲೆ ಒಂದು ಕವಿತೆಯ ಕಾರಣಕ್ಕೆ ಗುಜರಾತಿನಲ್ಲಿ ಕೇಸು ಬಿತ್ತು. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ, ಮಾತನ್ನು ಅಳೆಯಬೇಕಾದ್ದು ಗಟ್ಟಿ ಮನಸ್ಸಿನ ವಿವೇಕವಂತರ ಕಣ್ಣಿನಿಂದ, ಎಲ್ಲದಕ್ಕೂ ಬೆಚ್ಚುವವರ ಕಣ್ಣಿನಿಂದ ಅಲ್ಲ ಎಂಬ ತತ್ವವನ್ನು ಎತ್ತಿಹಿಡಿಯಿತು. ಸಂಸದರಿಗಾದರೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಇರುತ್ತದೆ. ಕಾಲೇಜು ಹುಡುಗನೊಬ್ಬನ ಸ್ಟೇಟಸ್ ಮೇಲೆ ಕೇಸು ಬಿದ್ದರೆ? ಅದನ್ನು ನೀವೇ ಊಹಿಸಿ.

ನಮ್ಮ ಕಡೆಯ ಬೆಂಕಿ

ಈಗ ಕಹಿ ಮಾತಿಗೆ ಬರೋಣ.

2020ರ ಫೆಬ್ರವರಿ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೇಶದ ತುಂಬ ಪ್ರತಿಭಟನೆ ನಡೆಯುತ್ತಿತ್ತು. ದೆಹಲಿಯ ಶಾಹೀನ್ ಬಾಗ್‌ನಲ್ಲಿ ಚಳಿಯಲ್ಲಿ ಕೂತ ಹೆಂಗಸರು ಸಂವಿಧಾನದ ಪೀಠಿಕೆ ಓದುತ್ತಿದ್ದರು. ಮುಸ್ಲಿಮೇತರರೂ ಬಂದು ಜೊತೆಗೆ ಕೂರುತ್ತಿದ್ದರು. ಚರ್ಚೆ ನಡೆಯುತ್ತಿದ್ದದ್ದು ಕಾನೂನಿನ ಬಗ್ಗೆ: ಪೌರತ್ವಕ್ಕೆ ಧರ್ಮದ ಅಳತೆ ಸರಿಯೇ? ಅಂಥ ಹೊತ್ತಿನಲ್ಲಿ ಕಲಬುರಗಿಯ ಒಂದು ಸಭೆಗೆ ಮುಂಬೈನಿಂದ ಎಂಐಎಂ ಪಕ್ಷದ ಮಾಜಿ ಶಾಸಕ ವಾರಿಸ್ ಪಠಾಣ್ ಬಂದರು. ನಾವು 15 ಕೋಟಿ ಇದ್ದರೂ 100 ಕೋಟಿಯ ಮೇಲೆ ಭಾರಿಯಾಗುತ್ತೇವೆ ಎಂಬರ್ಥದ ಮಾತಾಡಿದರು. ಸಭೆಯಲ್ಲಿ ಚಪ್ಪಾಳೆ ಬಿತ್ತು.

ಮಾರನೆಯ ದಿನಗಳಲ್ಲಿ ಏನಾಯಿತು ನೆನಪಿದೆಯಲ್ಲ? ಟಿವಿಗಳಲ್ಲಿ ಪೌರತ್ವ ಕಾಯ್ದೆಯ ಚರ್ಚೆ ಹಿಂದೆ ಬಿತ್ತು. 15 ಕೋಟಿ, 100 ಕೋಟಿ ಇವೆರಡೇ ಮುಂದೆ ಬಂದವು. ಅವರ ಪಕ್ಷವೇ ಮಾಧ್ಯಮದ ಮುಂದೆ ಮಾತಾಡದಂತೆ ಅವರ ಬಾಯಿ ಕಟ್ಟಿತು. ಅವರೂ ಮಾತು ಹಿಂದೆಗೆದುಕೊಂಡರು. ಆದರೆ ಬಿಟ್ಟ ಮಾತು ಹಿಂದಕ್ಕೆ ಬರುತ್ತದೆಯೇ? ಎರಡು ತಿಂಗಳು ಹೆಂಗಸರು ರಸ್ತೆಯಲ್ಲಿ ಕೂತು ಗಳಿಸಿದ ಗೌರವದಲ್ಲಿ ಒಂದು ಪಾಲನ್ನು ಆ ಒಂದು ವಾಕ್ಯ ತಿಂದುಹಾಕಿತು.

ಅದಕ್ಕೂ ಮುಂಚೆ 2012ರ ಡಿಸೆಂಬರಿನಲ್ಲಿ ಅಕ್ಬರುದ್ದೀನ್ ಓವೈಸಿ ಆಗಿನ ಆದಿಲಾಬಾದ್ ಜಿಲ್ಲೆಯ ನಿರ್ಮಲ್‌ನಲ್ಲಿ ಮಾಡಿದ ಭಾಷಣ. ಪೊಲೀಸರನ್ನು 15 ನಿಮಿಷ ಪಕ್ಕಕ್ಕೆ ಸರಿಸಿ ಎಂಬ ಸವಾಲು. 2013ರ ಜನವರಿಯಲ್ಲಿ ಬಂಧನವಾಯಿತು. 2022ರ ಏಪ್ರಿಲಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಕಾನೂನಿನ ದೃಷ್ಟಿಯಲ್ಲಿ ಅವರು ನಿರ್ದೋಷಿ, ಅದನ್ನು ನಾವು ಒಪ್ಪಬೇಕು. ಆದರೆ ರಾಜಕೀಯದ ಲೆಕ್ಕ ಬೇರೆ. ಆ "15 ನಿಮಿಷ" ಇವತ್ತಿಗೂ ಪ್ರತಿ ಚುನಾವಣೆಯಲ್ಲಿ ಎದುರು ಪಕ್ಷದ ಬಾಯಲ್ಲಿದೆ. ಅದನ್ನು ಹೇಳಿದವರು ತಮ್ಮ ಕ್ಷೇತ್ರ ಚಾಂದ್ರಾಯಣಗುಟ್ಟದಲ್ಲಿ ಗೆಲ್ಲುತ್ತಲೇ ಬಂದಿದ್ದಾರೆ. ಅದರ ಉತ್ತರ ಕೊಡಬೇಕಾದವರು ಯಾರು? ಪುಣೆಯಲ್ಲಿ ಬಾಡಿಗೆ ಮನೆ ಹುಡುಕುವ ಎಂಜಿನಿಯರ್ ಹುಡುಗ, ದೆಹಲಿಯ ಆಫೀಸಿನಲ್ಲಿ ಊಟಕ್ಕೆ ಕೂತಾಗ "ನಿಮ್ಮವರು ಹೀಗಂದ್ರಲ್ಲ" ಅನ್ನಿಸಿಕೊಳ್ಳುವ ಹುಡುಗಿ. ಮಾತಾಡಿದವರಿಗೆ ಸೀಟು, ಕೇಳಿದವರಿಗೆ ಫಜೀತಿ.

ಸಂಖ್ಯೆ ಸುಳ್ಳು ಹೇಳುವುದಿಲ್ಲ

ಇಲ್ಲಿ ಒಂದು ಸರಳ ಲೆಕ್ಕವಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಹಿಂದೂಗಳು ಶೇ. 79.8, ಮುಸ್ಲಿಮರು ಶೇ. 14.2. ಬೆಂಕಿ ಮಾತಿನ ಕೆಲಸವೇ ಜನರನ್ನು ಧರ್ಮದ ಗೆರೆಯಲ್ಲಿ ಎರಡು ಸಾಲಾಗಿ ನಿಲ್ಲಿಸುವುದು. ಹಾಗೆ ನಿಂತಾಗ ಉದ್ದ ಸಾಲು ಗೆಲ್ಲುತ್ತದೆ. ಬಹುಸಂಖ್ಯಾತರ ನಾಯಕ ಬೆಂಕಿ ಹಚ್ಚಿದರೆ ಅವನಿಗೆ ಗೆಲ್ಲುವ ಸಾಧ್ಯತೆಯಾದರೂ ಇದೆ. ಅಲ್ಪಸಂಖ್ಯಾತರ ನಾಯಕ ಹಚ್ಚಿದರೆ, ತನ್ನ ಒಂದೆರಡು ವಾರ್ಡಿನಲ್ಲಿ ಗೆದ್ದು, ಉಳಿದ ನೂರು ಕಡೆ ಎದುರು ಪಕ್ಷಕ್ಕೆ ಸಾಲು ಕಟ್ಟಿಕೊಡುತ್ತಾನೆ. ಅಂದರೆ ಅವನು ಬೈಯುತ್ತಿರುವ ಪಕ್ಷಕ್ಕೇ ಅವನು ಪುಕ್ಕಟೆ ಪ್ರಚಾರಕ.

ಬಹುಸಂಖ್ಯಾತರಿಗೂ ಇದು ಯಾವಾಗಲೂ ಫಲ ಕೊಡುತ್ತದೆ ಅಂತೇನಿಲ್ಲ. 2020ರ ದೆಹಲಿ ವಿಧಾನಸಭಾ ಚುನಾವಣೆಯಲ್ಲಿ ಕೇಂದ್ರ ಸಚಿವರೊಬ್ಬರು ವೇದಿಕೆಯಿಂದ "ದ್ರೋಹಿಗಳಿಗೆ" ಗುಂಡಿಕ್ಕುವ ಘೋಷಣೆ ಕೂಗಿಸಿದರು. ಚುನಾವಣಾ ಆಯೋಗ ಅವರ ಪ್ರಚಾರಕ್ಕೆ 72 ಗಂಟೆ ತಡೆ ಹಾಕಿತು. ಫಲಿತಾಂಶ ಬಂದಾಗ ಬಿಜೆಪಿಗೆ 70ರಲ್ಲಿ 8 ಸೀಟು. ಹಿಂದಿನ 3ಕ್ಕಿಂತ ಹೆಚ್ಚು, ಆದರೆ ಅಧಿಕಾರಕ್ಕೆ ಬಹಳ ದೂರ. ನೀರು, ಕರೆಂಟು, ಶಾಲೆಯ ಮಾತಾಡಿದ ಆಮ್ ಆದ್ಮಿ ಪಕ್ಷ 62 ಗೆದ್ದಿತು. ಆದರೆ ಫಲಿತಾಂಶ ಬಂದ ಎರಡೇ ವಾರದಲ್ಲಿ ಈಶಾನ್ಯ ದೆಹಲಿಯ ಗಲಭೆಯಲ್ಲಿ 53 ಜನ ಸತ್ತರು. ಹೆಚ್ಚಿನವರು ಮುಸ್ಲಿಮರು. ಚುನಾವಣೆಯಲ್ಲಿ ಸೋತರೂ ಬೆಂಕಿಯ ಗಾಳಿ ಉಳಿದಿರುತ್ತದೆ.

"ಹಾಗಾದ್ರೆ ಬೈಸಿಕೊಂಡು ಸುಮ್ಮನಿರಬೇಕಾ?"

ಇದನ್ನು ಓದುವ ವಿದ್ಯಾರ್ಥಿಗಳು ಇಷ್ಟು ಹೊತ್ತಿಗೆ ಈ ಪ್ರಶ್ನೆ ಕೇಳಿರ್ತೀರಿ. ನ್ಯಾಯವಾದ ಪ್ರಶ್ನೆ. ಅವರ ಭಾಷಣಕ್ಕೆ ಕೇಸಿಲ್ಲ, ನಮ್ಮ ಪೋಸ್ಟಿಗೆ ಕೇಸು. ಅವರದ್ದು ಆವೇಶ, ನಮ್ಮದು ದೇಶದ್ರೋಹ. ಮೆತ್ತಗೆ ಮಾತಾಡಿದರೆ ಯಾರೂ ಕೇಳಿಸಿಕೊಳ್ಳೋದಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ. ಕಾನೂನಿನ ಕೈ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುತ್ತಿಲ್ಲ.

ಆದರೆ ಇದರಿಂದ ಏನು ಸಾಬೀತಾಯಿತು? ಅವರಿಗೆ ಅನ್ಯಾಯ ಮಾಡುವ ಸ್ವಾತಂತ್ರ್ಯವಿದೆ ಅಂತ. ನಮಗೂ ಅದೇ ಸ್ವಾತಂತ್ರ್ಯ ಬೇಕು ಅನ್ನೋದು ನ್ಯಾಯದ ಬೇಡಿಕೆಯಲ್ಲ. ನಮ್ಮ ಸಿಟ್ಟು ಬಂದದ್ದು ಒಬ್ಬ ಮಂತ್ರಿಯ ಮೇಲೆ, ಒಂದು ಪಕ್ಷದ ಮೇಲೆ. ಬೆಂಕಿ ಮಾತು ಅದನ್ನು ಕೊಂಡುಹೋಗಿ ಇಡುವುದು ಪಕ್ಕದ ಮನೆಯವರ ಬಾಗಿಲಿಗೆ. ಜ್ವರ ಬಂದಾಗ ನಿಮ್ಮ ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ಮನುಷ್ಯ ಅವನು. "100 ಕೋಟಿ" ಅಂದಾಗ ಅದರೊಳಗೆ ಅವನೂ ಇದ್ದಾನೆ. ಅವನು ಮಾಡದ ತಪ್ಪಿಗೆ ಅವನನ್ನು ಬೆದರಿಸುವುದು ಅನ್ಯಾಯ. ನಮ್ಮನ್ನು ಬಾಬರನ ಲೆಕ್ಕಕ್ಕೆ ಜಮಾ ಮಾಡುವಾಗ ನಾವು ಹೇಳುವುದು ಇದನ್ನೇ ಅಲ್ಲವೇ?

ನಮ್ಮ ದೀನ್ ಈ ವಿಷಯದಲ್ಲಿ ಗೊಂದಲಕ್ಕೆ ಜಾಗ ಬಿಟ್ಟಿಲ್ಲ. ಬೇರೆಯವರು ಪೂಜಿಸುವುದನ್ನು ಹಳಿಯಬೇಡಿ, ಅವರೂ ತಿಳಿಯದೆ ಅಲ್ಲಾಹನನ್ನು ಹಳಿದಾರು ಎಂಬ ಎಚ್ಚರಿಕೆ ಸೂರಃ ಅನ್‌ಆಮ್‌ನಲ್ಲಿದೆ (6:108). ಭಿವಂಡಿಯ ಚಪ್ಪಲಿ ಹಾರದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂದು ಜನರ ಮೇಲಿನ ಹಗೆ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಆದೇಶ ಸೂರಃ ಮಾಇದದಲ್ಲಿದೆ (5:8). ಫಿರ್‌ಔನನಂಥ ದೊರೆಯ ಮುಂದೆ ಹೋಗುವಾಗಲೂ ಮೃದುವಾಗಿ ಮಾತಾಡಿ ಎಂದು ಮೂಸಾ ಮತ್ತು ಹಾರೂನ್‌ರಿಗೆ (ಅ) ಹೇಳಲಾಯಿತು (20:44). ಗಮನಿಸಿ, ಹೋಗಬೇಡಿ ಎಂದು ಹೇಳಲಿಲ್ಲ. ಸುಮ್ಮನಿರಿ ಎಂದೂ ಹೇಳಲಿಲ್ಲ. ಹೋಗಿ, ನೇರವಾಗಿ ಹೇಳಿ, ಆದರೆ ಹೇಳುವ ರೀತಿ ನಿಮ್ಮದಾಗಿರಲಿ, ಅವನದ್ದಾಗದಿರಲಿ. ಮೃದು ಮಾತು ಹೇಡಿತನ ಎನ್ನುವವರು ಆ ಇಬ್ಬರು ನಿಂತದ್ದು ಯಾರ ಮುಂದೆ ಎಂಬುದನ್ನು ಮರೆಯುತ್ತಾರೆ.

ಕೆಲಸ ಮಾಡಿದ್ದು ಯಾವುದು?

ಮತ್ತೆ ಭಿವಂಡಿಗೆ ಹೋಗೋಣ. 1970ರಲ್ಲಿ ಉರಿದ ಊರು, 1984ರಲ್ಲಿ ಮತ್ತೆ ಉರಿದ ಊರು. 1980ರ ದಶಕದ ಕೊನೆಯಲ್ಲಿ ಅಲ್ಲಿಗೆ ಪೊಲೀಸ್ ಅಧಿಕಾರಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಪ್ರತಿ ಬಡಾವಣೆಯಲ್ಲಿ ಹಿಂದೂಗಳು, ಮುಸ್ಲಿಮರು, ಪೊಲೀಸರು ಆಗಾಗ ಒಟ್ಟಿಗೆ ಕೂರುತ್ತಿದ್ದರು. ಮಾತಾಡುತ್ತಿದ್ದದ್ದು ನಲ್ಲಿ ನೀರು, ಜಗಳ, ಮೆರವಣಿಗೆಯ ದಾರಿ, ವದಂತಿ ಇಂಥ ಸಣ್ಣ ವಿಷಯಗಳನ್ನು. ಅದರಲ್ಲಿ ಚಪ್ಪಾಳೆ ಹೊಡೆಯುವಂಥ ಒಂದು ವಾಕ್ಯವೂ ಇರಲಿಕ್ಕಿಲ್ಲ. ಆದರೆ 1992ರ ಡಿಸೆಂಬರಿನಲ್ಲಿ, 1993ರ ಜನವರಿಯಲ್ಲಿ, ಪಕ್ಕದ ಮುಂಬೈ ಹೊತ್ತಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ಮುಂಬೈ ಆಮೇಲೆ ಅದನ್ನು ನೋಡಿ ತನ್ನ ಮೊಹಲ್ಲಾ ಏಕತಾ ಸಮಿತಿಗಳನ್ನು ಕಟ್ಟಿಕೊಂಡಿತು.

ಶ್ರೀಕೃಷ್ಣ ಆಯೋಗವನ್ನೂ ಹೀಗೇ ನೋಡಬಹುದು. ಅದರ ಶಿಫಾರಸುಗಳು ಪೂರ್ತಿ ಜಾರಿಯಾಗಲಿಲ್ಲ, ಅದು ನಮ್ಮ ನೋವು. ಆದರೆ 900ರ ಲೆಕ್ಕ, ಯಾರು ಏನು ಮಾಡಿದರು ಎಂಬ ವಿವರ ಇವತ್ತು ನಮ್ಮ ಕೈಯಲ್ಲಿರುವುದಕ್ಕೆ ಕಾರಣ, ಮನೆ ಸುಟ್ಟುಕೊಂಡ ಸಾಮಾನ್ಯರು ಹೆದರದೆ ಹೋಗಿ ಪ್ರಮಾಣಪತ್ರ ಸಲ್ಲಿಸಿದ್ದು. 1996ರಲ್ಲಿ ಮಹಾರಾಷ್ಟ್ರ ಸರ್ಕಾರ ಆಯೋಗವನ್ನೇ ಮುಚ್ಚಿತು. ಒತ್ತಡ ಬಂದಾಗ ಮತ್ತೆ ತೆರೆಯಬೇಕಾಯಿತು. ಬೈಗುಳವನ್ನು ಯಾರೂ ಮುಚ್ಚಲು ಹೋಗುವುದಿಲ್ಲ. ದಾಖಲೆಯನ್ನು ಮುಚ್ಚಲು ನೋಡುತ್ತಾರೆ. ಯಾವುದಕ್ಕೆ ಹೆದರುತ್ತಾರೆ ಎಂಬುದು ಇದರಲ್ಲೇ ತಿಳಿಯುತ್ತದೆ.

ಆದ್ದರಿಂದ ಮುಂದಿನ ಸಲ ಆ ಎರಡು ನಿಮಿಷದ ವಿಡಿಯೊ ಬಂದಾಗ, ಫಾರ್ವರ್ಡ್ ಮಾಡುವ ಮುಂಚೆ ಒಂದು ಗಳಿಗೆ ನಿಲ್ಲಿ. ಈ ಮಾತಿನಿಂದ ಯಾರಿಗೆ ವೋಟು ಬರುತ್ತದೆ, ಅದರ ಬೆಲೆ ಯಾರು ತೆರುತ್ತಾರೆ ಎಂದು ಕೇಳಿಕೊಳ್ಳಿ. ನಮ್ಮ ಸಭೆಗಳಿಗೆ ಭಾಷಣಕಾರರನ್ನು ಕರೆಯುವ ಜಮಾಅತಿನ ಹಿರಿಯರೂ ಇದನ್ನು ಕೇಳಲಿ. ಜನ ಸೇರಿಸುವವರನ್ನು ಕರೆಯುವ ಬದಲು, ವಕ್ಫ್ ದಾಖಲೆ ಹೇಗೆ ತೆಗೆಸಬೇಕು, ವೋಟರ್ ಲಿಸ್ಟಿನಲ್ಲಿ ಹೆಸರು ಹೇಗೆ ನೋಡಬೇಕು, ದ್ವೇಷ ಭಾಷಣಕ್ಕೆ ದೂರು ಹೇಗೆ ಬರೆಯಬೇಕು ಎಂದು ಹೇಳಿಕೊಡುವವರನ್ನು ಒಂದು ಸಲ ಕರೆಯಲಿ. ಮೊದಲ ಸಭೆಗೆ ಇಪ್ಪತ್ತೇ ಜನ ಬರಬಹುದು. ಚಪ್ಪಾಳೆ ಬೀಳದಿರಬಹುದು. ಆದರೆ ಆ ಇಪ್ಪತ್ತು ಜನ ಮಾರನೆಯ ದಿನ ಮಾಡಲು ಒಂದು ಕೆಲಸ ಹಿಡಿದುಕೊಂಡು ಮನೆಗೆ ಹೋಗುತ್ತಾರೆ.